ನಮ್ಮ ಮನೆಯ ನೀಲಿ ಡ್ರಮ್ಮು

ಮಕ್ಕಳೇ, ನಿಮ್ಮ ಮನೆಯ ನೀರಿನ ತೊಟ್ಟಿಯನ್ನೋ ಡ್ರಮ್ಮನ್ನೋ ಎಂದಾದರೂ ಬಗ್ಗಿ ನೋಡಿದ್ದೀರಾ? ಚೊಂಬು ಅದ್ದುವಾಗ ಒಂದು ಕ್ಷಣ ನೋಡುವುದಲ್ಲ. ಐದು ನಿಮಿಷ ಅಲುಗಾಡದೆ ನಿಂತು ನೋಡುವುದು. ನಾನು ಹಾಗೆ ನೋಡಿದ್ದು 2006ರಲ್ಲಿ. ಅದೂ ನಾನಾಗಿಯೇ ನೋಡಿದ್ದಲ್ಲ, ಬೇರೊಬ್ಬರು ತೋರಿಸಿದ ಮೇಲೆ.

ಆಗ ನಾನು ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಸೊಳ್ಳೆಯ ಜೀವನಚಕ್ರವನ್ನು ಕಪ್ಪು ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಎಷ್ಟು ಸಲ ಬರೆದಿದ್ದೆನೋ ಲೆಕ್ಕವಿಲ್ಲ. ಮೊಟ್ಟೆ, ಲಾರ್ವ, ಪ್ಯೂಪ, ಸೊಳ್ಳೆ. ನಾಲ್ಕು ಬಾಣ ಎಳೆದರೆ ವೃತ್ತ ಮುಗಿಯಿತು. ಮಕ್ಕಳು ಅದನ್ನು ನೋಟ್ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದರು, ನಾನು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕುತ್ತಿದ್ದೆ. ಅದೇ ವೃತ್ತ ನಮ್ಮ ಮನೆಯ ಹಿತ್ತಲಿನ ನೀಲಿ ಡ್ರಮ್ಮಿನಲ್ಲಿ ಸದ್ದಿಲ್ಲದೆ ಸುತ್ತುತ್ತಿತ್ತು. ಅದು ಮಾತ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನಮ್ಮ ಮನೆ ಇದ್ದದ್ದು ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಯಲ್ಲಿ. ತಾಯಿ ಅಲ್ಲಿಯೇ ಇದ್ದರು. ಶನಿವಾರ ಬೆಳಗಿನ ಶಾಲೆ ಮುಗಿಸಿ ನಾನು ಬಸ್ಸು ಹತ್ತಿ ಊರಿಗೆ ಹೋಗುತ್ತಿದ್ದೆ. ಆ ವರ್ಷ ಬೇಸಿಗೆಯಲ್ಲಿ ನಲ್ಲಿಯಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತಿತ್ತು. ಬಂದಾಗ ಹಂಡೆ, ಕೊಳಗ, ಬಕೆಟ್ಟು, ಕೊನೆಗೆ ಕಲಗಚ್ಚಿನ ಬಾನಿಯವರೆಗೆ ಎಲ್ಲಕ್ಕೂ ತುಂಬಿಕೊಳ್ಳುವುದು. ನಾನೇ ಹಾಸನದ ಪೇಟೆಯಿಂದ ಇನ್ನೂರು ಲೀಟರಿನ ನೀಲಿ ಡ್ರಮ್ಮೊಂದನ್ನು ಕೊಂಡು ತಂದಿದ್ದೆ. ಅದಕ್ಕೆ ಮುಚ್ಚಳ ಇರಲಿಲ್ಲ. ಮುಚ್ಚಳ ಇಲ್ಲದ್ದಕ್ಕೆ ಬೆಲೆ ಸ್ವಲ್ಪ ಕಡಿಮೆ. ಬಹಳ ಜಾಣತನದ ವ್ಯಾಪಾರ ಮಾಡಿದೆ ಅಂದುಕೊಂಡಿದ್ದೆ.

ಒಂದು ಭಾನುವಾರ ಬೆಳಗ್ಗೆ ತಾಯಿ ಏಳಲಿಲ್ಲ. ಸುಡುವ ಜ್ವರ. ಹಾಸಿಗೆಯಿಂದ ಎಬ್ಬಿಸಿ ಕೂರಿಸಲು ಹೋದರೆ ಮುಟ್ಟಿಸಿಕೊಳ್ಳಲೂ ಆಗದ ನೋವು. "ಗಂಟುಗಂಟಿಗೂ ಮೊಳೆ ಹೊಡೆದ ಹಾಗಿದೆ ಕಣಪ್ಪ" ಅಂದರು. ಕೈಯಲ್ಲಿ ಚೊಂಬು ನಿಲ್ಲುತ್ತಿರಲಿಲ್ಲ. ಬಚ್ಚಲಿಗೆ ಗೋಡೆ ಹಿಡಿದು, ಸೊಂಟ ಬಗ್ಗಿಸಿ, ಹೆಜ್ಜೆ ಎಣಿಸಿದ ಹಾಗೆ ನಡೆದರು. ಮಧ್ಯಾಹ್ನದ ಹೊತ್ತಿಗೆ ನಮ್ಮ ಬೀದಿಯಲ್ಲಿ ಇನ್ನೂ ಐದಾರು ಮನೆಗಳಲ್ಲಿ ಇದೇ ಕಥೆ ಎಂದು ಗೊತ್ತಾಯಿತು. ರಾಗಿ ಮುದ್ದೆ ತಿರುವುವವರೇ ಇಲ್ಲದೆ ಕೆಲವು ಮನೆಗಳಲ್ಲಿ ಒಲೆ ಹತ್ತಲಿಲ್ಲ.

ಅದು ಚಿಕುನ್‌ಗುನ್ಯ. ನಮ್ಮ ಊರಿನವರ ಬಾಯಲ್ಲಿ "ಚಿಕನ್ ಗುನ್ಯ". ಹೆಸರು ಹಾಗೆ ಆದದ್ದರಿಂದ ಕೋಳಿ ತಿಂದವರಿಗೆ ಬರುತ್ತದೆ ಎಂಬ ಸುದ್ದಿ ಹಬ್ಬಿತು. ಅದೇ ವರ್ಷದ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಕೋಳಿಜ್ವರ ಕಾಣಿಸಿಕೊಂಡಿತ್ತಲ್ಲ, ಜನ ಎರಡನ್ನೂ ಗಂಟು ಹಾಕಿದರು. ನಮ್ಮ ತಾಯಿ ಹುಟ್ಟಿದಾಗಿನಿಂದ ಕೋಳಿ ಮುಟ್ಟಿದವರಲ್ಲ. ಹಾಗಿದ್ದರೂ ಪಕ್ಕದ ಮನೆಯವರು, "ಯಾರದೋ ಮನೆ ಸಾರಿನ ಗಾಳಿ ತಾಗಿರಬೇಕು" ಅಂದರು.

ನಿಜವಾಗಿ ಆ ಹೆಸರಿಗೂ ಕೋಳಿಗೂ ಸಂಬಂಧವೇ ಇಲ್ಲ. ಆಫ್ರಿಕಾ ಖಂಡದ ಟಾಂಜಾನಿಯ ದೇಶದ ದಕ್ಷಿಣದಲ್ಲಿ ಮಕೊಂಡೆ ಎಂಬ ಪ್ರಸ್ಥಭೂಮಿ ಇದೆ. 1952ರಲ್ಲಿ ಅಲ್ಲಿ ಈ ಜ್ವರ ಹಬ್ಬಿತು. ಮಕೊಂಡೆ ಜನರ ಭಾಷೆಯಲ್ಲಿ "ಬಾಗಿಸುವಂಥದ್ದು" ಎಂಬ ಅರ್ಥದ ಮಾತೇ ರೋಗದ ಹೆಸರಾಯಿತು. ಗೋಡೆ ಹಿಡಿದು ಬಾಗಿ ನಡೆದ ನಮ್ಮ ತಾಯಿಯನ್ನು ಕಂಡಿದ್ದರೆ ಮಕೊಂಡೆಯ ಅಜ್ಜಿಯೊಬ್ಬಳು ಆ ಜ್ವರದ ಹೆಸರನ್ನು ತಕ್ಷಣ ಹೇಳಿಬಿಡುತ್ತಿದ್ದಳು!

ಈ ರೋಗ ಭಾರತಕ್ಕೆ ಹೊಸದೂ ಅಲ್ಲ. 1963ರಲ್ಲಿ ಕೋಲ್ಕತ್ತದಲ್ಲಿ, ಅದರ ಹಿಂದೆಯೇ ಚೆನ್ನೈ ಕಡೆ, 1973ರಲ್ಲಿ ಮಹಾರಾಷ್ಟ್ರದ ಬಾರ್ಸಿಯಲ್ಲಿ ಬಂದು ಹೋಗಿತ್ತು. ಆಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ದೊಡ್ಡದಾಗಿ ಎಲ್ಲೂ ಸುದ್ದಿಯಿಲ್ಲ. 2005ರ ಕೊನೆಯಲ್ಲಿ ಮತ್ತೆ ಎದ್ದಿತು. 2006ರಲ್ಲಿ ದೇಶದಲ್ಲಿ ಸುಮಾರು 14 ಲಕ್ಷ ಶಂಕಿತ ರೋಗಿಗಳು ದಾಖಲಾದರು. ಅವರಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಮಂದಿ ನಮ್ಮ ಕರ್ನಾಟಕದವರೇ. ಲೆಕ್ಕಕ್ಕೆ ಸಿಗದೆ ಮನೆಯಲ್ಲೇ ನರಳಿದವರು ಇನ್ನೆಷ್ಟೋ.

ಮರುದಿನ ಆರೋಗ್ಯ ಸಹಾಯಕಿಯೊಬ್ಬರು ನಮ್ಮ ಬೀದಿಗೆ ಬಂದರು. ರೋಗಿಯನ್ನು ನೋಡಿ, ಮಾತ್ರೆ ಕೊಟ್ಟು, ಅವರು ಕೇಳಿದ ಮೊದಲ ಪ್ರಶ್ನೆ ಏನು ಗೊತ್ತೇ? "ನೀರು ಎಲ್ಲಿ ತುಂಬಿಡ್ತೀರಿ?" ನನಗೆ ಆಶ್ಚರ್ಯ. ಹಿತ್ತಲಿಗೆ ಕರೆದುಕೊಂಡು ಹೋದೆ. ಅವರು ಚೀಲದಿಂದ ಟಾರ್ಚು ತೆಗೆದು ಡ್ರಮ್ಮಿನೊಳಗೆ ಬೆಳಕು ಬಿಟ್ಟರು. ನೀರು ಕನ್ನಡಿಯಂತೆ ತಿಳಿಯಾಗಿತ್ತು. ಬೆಳಕು ಬಿದ್ದದ್ದೇ ತಡ, ಮೇಲ್ಮೈಯಿಂದ ಹತ್ತಾರು ಎಳೆಗಳು ಕೊಂಕಿ ಕೊಂಕಿ ಕೆಳಕ್ಕೆ ಧುಮುಕಿದವು. ಸ್ವಲ್ಪ ಹೊತ್ತಿನ ಮೇಲೆ ಉಸಿರಿಗಾಗಿ ಒಂದೊಂದೇ ಮೇಲೆ ಬಂದು, ಬಾಲದ ಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ತಲೆಕೆಳಗಾಗಿ ತೂಗಿದವು. ನಾನು ಹಲಗೆಯ ಮೇಲೆ ಬರೆಯುತ್ತಿದ್ದ ಚಿತ್ರವೇ! "ನೀವು ಮೇಷ್ಟ್ರಲ್ವಾ?" ಎಂದು ಕೇಳಿದರು. ಅವರು ಅಣಕಿಸಲಿಲ್ಲ, ಸುಮ್ಮನೆ ಕೇಳಿದರು. ಆದರೂ ಆ ಪ್ರಶ್ನೆ ನನಗೆ ಇಂದಿಗೂ ಚುಚ್ಚುತ್ತದೆ.

ತಾಯಿಯನ್ನು ಕಚ್ಚಿದ ಸೊಳ್ಳೆ ನಮ್ಮ ಡ್ರಮ್ಮಿನದೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಈ ರೋಗ ಹರಡುವ ಈಡಿಸ್ ಸೊಳ್ಳೆ ದೂರ ಹಾರುವ ಜಾತಿಯದಲ್ಲ. ಹುಟ್ಟಿದ ಮನೆಯ ಸುತ್ತಮುತ್ತಲೇ ಅದರ ಬಾಳು. ಕಪ್ಪು ಮೈ, ಕಾಲುಗಳ ಮೇಲೆ ಬಿಳಿ ಪಟ್ಟಿ, ಹಗಲು ಹೊತ್ತಿನಲ್ಲೇ ಕಚ್ಚುವ ಅಭ್ಯಾಸ. ಚರಂಡಿಯ ಕೊಳಕು ನೀರು ಅದಕ್ಕೆ ಬೇಡ. ಮನೆಯವರು ಕುಡಿಯಲು, ತೊಳೆಯಲು ಇಟ್ಟುಕೊಂಡ ಒಳ್ಳೆಯ ನೀರೇ ಬೇಕು. ಕಚ್ಚುವುದು ಹೆಣ್ಣು ಮಾತ್ರ. ಮೊಟ್ಟೆ ಬೆಳೆಸಲು ಅದಕ್ಕೆ ರಕ್ತ ಬೇಕು. ರೋಗಿಯ ರಕ್ತ ಕುಡಿದಾಗ ವೈರಸ್ ಸೊಳ್ಳೆಯ ಹೊಟ್ಟೆ ಸೇರಿ, ಅಲ್ಲಿ ಹೆಚ್ಚಿ, ಕೆಲವು ದಿನಗಳಲ್ಲಿ ಅದರ ಜೊಲ್ಲಿಗೆ ಬರುತ್ತದೆ. ಆಮೇಲೆ ಅದು ಕಚ್ಚಿದವರಿಗೆಲ್ಲ ಹಂಚಿಕೆ.

ಅಂದೇ ಡ್ರಮ್ಮನ್ನು ಉರುಳಿಸಿ ನೀರನ್ನೆಲ್ಲ ತೆಂಗಿನ ಬುಡಕ್ಕೆ ಚೆಲ್ಲಿದೆ. ಮುಂದಿನ ಸಲ ನಲ್ಲಿ ಬಂದಾಗ ಮತ್ತೆ ತುಂಬಿಸಿ, ಈ ಸಲ ಮೇಲೆ ತಗಡು ಮುಚ್ಚಿದೆ. ಮುಂದಿನ ಭಾನುವಾರ ತಗಡು ಸರಿಸಿ ನೋಡುತ್ತೇನೆ, ಅವೇ ಕೊಂಕುವ ಎಳೆಗಳು! ಮುಚ್ಚಿದ ಡ್ರಮ್ಮಿನೊಳಗೆ ಎಲ್ಲಿಂದ ಬಂದವು? ನೀವು ಒಂದು ಕ್ಷಣ ಓದುವುದನ್ನು ನಿಲ್ಲಿಸಿ ಯೋಚಿಸಿ. ನನಗೂ ಹೊಳೆಯಲಿಲ್ಲ. ಆರೋಗ್ಯ ಸಹಾಯಕಿಯವರನ್ನೇ ಕೇಳಿದೆ. "ಗೋಡೆ ಉಜ್ಜಿದ್ರಾ ಸಾರ್?" ಅಂದರು.

ಈಡಿಸ್ ಸೊಳ್ಳೆ ಮೊಟ್ಟೆಯನ್ನು ನೀರಿನ ಮೇಲೆ ಇಡುವುದಿಲ್ಲ. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಒದ್ದೆ ಗೋಡೆಗೆ ಅಂಟಿಸುತ್ತದೆ. ಕಪ್ಪು ಚುಕ್ಕಿಗಳು, ಸಾಸಿವೆಗಿಂತಲೂ ಎಷ್ಟೋ ಸಣ್ಣವು. ನೀರು ಚೆಲ್ಲಿದರೂ ಅವು ಅಲ್ಲೇ ಇರುತ್ತವೆ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನೀರು ಮುಟ್ಟಿದೊಡನೆ ಒಡೆದು ಲಾರ್ವ ಹೊರಬರುತ್ತದೆ. ನಾನು ನೀರನ್ನು ಬದಲಿಸಿದ್ದೆ, ಮೊಟ್ಟೆಗಳನ್ನು ಹಾಗೇ ಉಳಿಸಿದ್ದೆ. ಅಂದಿನಿಂದ ತೆಂಗಿನ ನಾರಿನಲ್ಲಿ ಬೂದಿ ಹಾಕಿ ಒಳಗೋಡೆ ಉಜ್ಜುವುದು, ಬಿಸಿಲಿಗೆ ಬೋರಲು ಹಾಕುವುದು ವಾರಕ್ಕೊಮ್ಮೆಯ ಕೆಲಸವಾಯಿತು. ವಾರಕ್ಕೊಮ್ಮೆ ಏಕೆಂದರೆ, ಮೊಟ್ಟೆ ಒಡೆದು ಸೊಳ್ಳೆ ಹಾರಲು ನಮ್ಮ ಹವೆಯಲ್ಲಿ ಏಳರಿಂದ ಹತ್ತು ದಿನ ಸಾಕು.

ಡ್ರಮ್ಮು ಬೋರಲು ಹಾಕುವ ಈ ಉಪಾಯ ಎಷ್ಟು ಹಳೆಯದು ಎಂದು ತಿಳಿದಾಗ ನನಗೆ ನಗು ಬಂತು. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ರೊನಾಲ್ಡ್ ರಾಸ್ ಎಂಬ ಇಪ್ಪತ್ತಾರು ವರ್ಷದ ವೈದ್ಯರಿದ್ದರು. ಅವರ ಬಂಗಲೆಯಲ್ಲಿ ಸೊಳ್ಳೆ ಕಾಟ ವಿಪರೀತ. ಹುಡುಕಿದರೆ ಕಿಟಕಿಯ ಹೊರಗೆ ನೀರಿನ ಪೀಪಾಯಿ, ಅದರ ತುಂಬ ಲಾರ್ವ! ಪೀಪಾಯಿ ಬೋರಲು ಹಾಕಿಸಿದರು, ಕಾಟ ತಗ್ಗಿತು. ಊಟದ ಮನೆಯ ಹತ್ತಿರದ ತೊಟ್ಟಿಗಳನ್ನೂ ಹೀಗೆ ಮಾಡೋಣ ಎಂದು ಅವರು ಒಬ್ಬ ಅಧಿಕಾರಿಗೆ ಹೇಳಿದರು. ಆತ ಒಪ್ಪಲಿಲ್ಲ. ಸೊಳ್ಳೆಗಳನ್ನು ಯಾವುದೋ ಉದ್ದೇಶಕ್ಕೆ ಸೃಷ್ಟಿಸಲಾಗಿದೆ, ಸಹಿಸಿಕೊಳ್ಳುವುದೇ ನಮ್ಮ ಕರ್ತವ್ಯ ಎಂಬ ಅರ್ಥದ ಉತ್ತರ ಕೊಟ್ಟನಂತೆ. ನಮ್ಮ ಬೀದಿಯ ಹಿರಿಯರೊಬ್ಬರು, "ಸೊಳ್ಳೆ ನಮ್ಮಜ್ಜನ ಕಾಲದಿಂದ ಕಚ್ತಾ ಅದೆ, ಈಗೇನ್ ಹೊಸದು?" ಎಂದಾಗ ಆ ಅಧಿಕಾರಿ ನೆನಪಾದ.

ಆ ಹೊತ್ತಿಗೆ ಸೊಳ್ಳೆಗೂ ಮಲೇರಿಯಾಕ್ಕೂ ನಂಟಿದೆ ಎಂದು ರಾಸ್‌ಗೆ ಗೊತ್ತಿರಲಿಲ್ಲ. ಇಟಾಲಿಯನ್ ಭಾಷೆಯಲ್ಲಿ ಮಲೇರಿಯಾ ಎಂದರೆ ಕೆಟ್ಟ ಗಾಳಿ. ಜೌಗಿನ ಗಾಳಿಯಿಂದ ಜ್ವರ ಬರುತ್ತದೆ ಎಂಬುದೇ ಎಲ್ಲರ ನಂಬಿಕೆ. 1880ರಲ್ಲಿ ಲಾವೆರಾನ್ ಎಂಬ ಫ್ರೆಂಚ್ ವೈದ್ಯ ಅಲ್ಜೀರಿಯದಲ್ಲಿ ರೋಗಿಯ ರಕ್ತದಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡಿದ್ದರು. ಅದು ರಕ್ತಕ್ಕೆ ಹೇಗೆ ಬಂತು? ರಾಸ್ ಆ ಉತ್ತರ ಕಂಡುಕೊಂಡದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ ಸೊಳ್ಳೆ ಕಚ್ಚಿಸಿಕೊಳ್ಳಲು ಒಪ್ಪಿದ್ದ. ಒಂದು ಸೊಳ್ಳೆಗೆ ಒಂದಾಣೆ. ಹತ್ತು ಕಚ್ಚಿದವು, ಹತ್ತಾಣೆ ಸಿಕ್ಕಿತು. ಆ ಸೊಳ್ಳೆಗಳ ಹೊಟ್ಟೆಯ ಗೋಡೆಯಲ್ಲಿ ಪರೋಪಜೀವಿ ಬೆಳೆಯುವುದನ್ನು ರಾಸ್ ಸೂಕ್ಷ್ಮದರ್ಶಕದಲ್ಲಿ ಕಂಡರು. 1902ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಹುಸೇನ್ ಖಾನನಿಗೆ ಹತ್ತಾಣೆಯೇ ಕೊನೆ.

ಇದೇ ಕಾಲದಲ್ಲಿ "ಉಷ್ಣವಲಯದ ವೈದ್ಯಶಾಸ್ತ್ರ" ಎಂಬ ಹೊಸ ವಿದ್ಯೆ ಹುಟ್ಟಿತು. 1898ರಲ್ಲಿ ಲಿವರ್‌ಪೂಲಿನಲ್ಲಿ, 1899ರಲ್ಲಿ ಲಂಡನ್ನಿನಲ್ಲಿ ಅದಕ್ಕೆಂದೇ ಶಾಲೆಗಳು ತೆರೆದವು. ನಮ್ಮಂಥ ಬಿಸಿ ನಾಡುಗಳಿಗೆ ಬರುವ ತಮ್ಮ ಸೈನಿಕರು, ವ್ಯಾಪಾರಿಗಳು, ತೋಟದ ದೊರೆಗಳು ಸಾಯಬಾರದು ಎಂಬುದು ಅವರ ಮೊದಲ ಚಿಂತೆ. ಆ ಹೆಸರೂ ಪೂರ್ತಿ ಸರಿಯಲ್ಲ ಎಂದು ನನಗನಿಸುತ್ತದೆ. ಮಲೇರಿಯಾ ಒಂದು ಕಾಲಕ್ಕೆ ಚಳಿಯ ಇಂಗ್ಲೆಂಡಿನ ಜೌಗಿನಲ್ಲೂ ಇತ್ತು. ಅಮೆರಿಕದಿಂದ ಅದು ತೊಲಗಿದ್ದು 1951ರ ಹೊತ್ತಿಗೆ.

ಇಷ್ಟು ಓದಿಕೊಂಡ ಮೇಲೆ ನಾನು ಅರಕಲಗೂಡಿಗೆ ಹೋದೆ. ಅದು ತಾಯಿಯ ತವರು. ಅಜ್ಜಿ ಆಗ ಇನ್ನೂ ಇದ್ದರು. "ಚಳಿಜ್ವರದ ಕಾಲ ಹೇಗಿತ್ತಜ್ಜಿ?" ಎಂದು ಕೇಳಿದರೆ ಅವರಿಗೆ ಎಲ್ಲವೂ ನಿನ್ನೆ ಮೊನ್ನೆಯ ಹಾಗೆ ನೆನಪಿತ್ತು. ಅರಕಲಗೂಡಿನಿಂದ ಪಶ್ಚಿಮಕ್ಕೆ ಹೋದಂತೆ ಮಲೆನಾಡು ಹತ್ತಿರ. ಬಯಲುಸೀಮೆಯ ಕೂಲಿಯವರು ಕಾಫಿ ಕೊಯ್ಲಿಗೆ ಘಟ್ಟದ ಕಡೆ ಹೋಗಿ, ಹಣದ ಜೊತೆ ಜ್ವರವನ್ನೂ ಕಟ್ಟಿಕೊಂಡು ಬರುತ್ತಿದ್ದರಂತೆ. ಜ್ವರ ದಿನ ಬಿಟ್ಟು ದಿನ, ಹೊತ್ತು ತಪ್ಪದೆ ಬರುತ್ತಿತ್ತು. ಜ್ವರದ ದಿನ ನಾಟಿಗೆ ಬರುವುದಿಲ್ಲ ಎಂದು ಮೊದಲೇ ಹೇಳಿ ಕಳಿಸುತ್ತಿದ್ದರಂತೆ! ಅಜ್ಜಿಗೆ ಕಾರಣ ಗೊತ್ತಿರಲಿಲ್ಲ, ನಿಮಗೆ ಹೇಳುತ್ತೇನೆ. ಪರೋಪಜೀವಿಗಳು ಕೆಂಪು ರಕ್ತಕಣಗಳೊಳಗೆ ಬೆಳೆದು, ಸುಮಾರು 48 ಗಂಟೆಗೊಮ್ಮೆ ಒಟ್ಟಿಗೆ ಕಣಗಳನ್ನು ಒಡೆದು ಹೊರಬರುತ್ತವೆ. ಆಗ ನಡುಕ, ಜ್ವರ, ಬೆವರು.

ಅಜ್ಜಿ ಹೇಳಿದ ಇನ್ನೊಂದು ಮಾತು "ಜ್ವರಗಡ್ಡೆ". ಮಲೇರಿಯಾ ಮತ್ತೆ ಮತ್ತೆ ಬಂದ ಮಕ್ಕಳ ಎಡ ಪಕ್ಕೆಯ ಕೆಳಗೆ ಗುಲ್ಮ ಊದಿಕೊಂಡು ಕೈಗೆ ಗಡ್ಡೆಯಂತೆ ಸಿಗುತ್ತಿತ್ತು. ಹಿಂದೆ ಮಲೇರಿಯಾ ಅಳೆಯುತ್ತಿದ್ದದ್ದೂ ಹೀಗೆಯೇ. ವೈದ್ಯರು ಊರಿನ ಮಕ್ಕಳ ಹೊಟ್ಟೆಯನ್ನು ಒತ್ತಿ ನೋಡುತ್ತಿದ್ದರು. ನೂರರಲ್ಲಿ ಎಷ್ಟು ಮಕ್ಕಳಿಗೆ ಗುಲ್ಮ ಊದಿದೆ ಎಂಬುದರ ಮೇಲೆ ಆ ಊರಿನ ಮಲೇರಿಯಾ ಎಷ್ಟು ಎಂದು ಲೆಕ್ಕ. ನಿಮ್ಮ ವಯಸ್ಸಿನ ಮಕ್ಕಳ ಹೊಟ್ಟೆಯೇ ಆಗ ಅಳತೆಗೋಲು!

ನಮ್ಮ ಹಳೆಯ ಮೈಸೂರು ಸಂಸ್ಥಾನದಲ್ಲಿ ಈ ಕೆಲಸ ಬೇಗನೆ ನಡೆಯಿತು. 1920ರ ದಶಕದ ಕೊನೆಯಿಂದ ಸರ್ಕಾರದ ಆರೋಗ್ಯ ಇಲಾಖೆ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನ ಆರಂಭಿಸಿತು. ಡಾ. ಸ್ವೀಟ್, ಡಾ. ಬಿ.ಎ. ರಾವ್ ಮುಂತಾದವರು ನಮ್ಮ ಸಕಲೇಶಪುರಕ್ಕೆ ನೆರೆಯ ಮೂಡಿಗೆರೆ, ಬಯಲಿನ ಹಿರಿಯೂರು, ಶ್ರೀರಂಗಪಟ್ಟಣದ ಬಳಿಯ ನಗೇನಹಳ್ಳಿ ಮುಂತಾದ ಕಡೆ ಸೊಳ್ಳೆ ಹಿಡಿದರು, ಕುಯ್ದು ನೋಡಿದರು. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಎಲ್ಲ ಕಡೆ ಒಂದೇ ಅಲ್ಲ ಎಂಬುದು ಇಂಥ ಅಧ್ಯಯನಗಳಿಂದ ಸ್ಪಷ್ಟವಾಯಿತು. ಮಲೆನಾಡಿನ ಅಪರಾಧಿಗೆ ಹುಲ್ಲಂಚಿನ ತಿಳಿ ತೊರೆ ಇಷ್ಟ. ಅದರ ಹೆಸರು ಫ್ಲುವಿಯಾಟಿಲಿಸ್. ಬಯಲಿನ ಕ್ಯುಲಿಸಿಫೇಸಿಸ್ಸಿಗೆ ಬಾವಿ, ಕುಂಟೆ, ನಾಲೆಯ ಜಿನುಗು ಸಾಕು. ಪಟ್ಟಣದ ಸ್ಟೀಫೆನ್ಸೈಗೆ ಮಾಳಿಗೆಯ ಮೇಲಿನ ಟ್ಯಾಂಕು. ಕನ್ನಂಬಾಡಿಯ ನಾಲೆ ಮಂಡ್ಯದ ಕಡೆ ಹರಿದ 1930ರ ದಶಕದಲ್ಲಿ ಅಲ್ಲಿ ಭತ್ತ, ಕಬ್ಬಿನ ಜೊತೆ ಮಲೇರಿಯಾವೂ ಬೆಳೆಯಿತು.

ಈಗ ನಾನು ಅರಕಲಗೂಡಿನಿಂದ ಬಸ್ಸಿನಲ್ಲಿ ಹೊರಟರೆ ಕಿಟಕಿಯಿಂದ ನೀರನ್ನೇ ನೋಡುತ್ತೇನೆ. ಮೊದಲು ತೊರೆ, ಗದ್ದೆ. ಹಾಸನದಲ್ಲಿ ಸಾಲು ಸಾಲು ಕಪ್ಪು ಟ್ಯಾಂಕುಗಳು. ಹೊಳೆನರಸೀಪುರದಲ್ಲಿ ಹೇಮಾವತಿ ಮತ್ತು ಗೊರೂರು ಅಣೆಕಟ್ಟಿನ ನಾಲೆಗಳು. ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಿ ಬಾವಿ, ಚಿಪ್ಪು, ಹಳೆಯ ಟೈರು. ಒಂದೇ ಜಿಲ್ಲೆ, ಎಷ್ಟು ಬಗೆಯ ನೀರು ನೋಡಿ!

ದೇಶಕ್ಕೆ ಸ್ವಾತಂತ್ರ್ಯ ಬಂದಾಗ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನರಿಗೆ ಮಲೇರಿಯಾ, ಎಂಟು ಲಕ್ಷ ಸಾವು. 1953ರಿಂದ ಮನೆಮನೆಗೆ ಡಿ.ಡಿ.ಟಿ. ಸಿಂಪಡಿಸಿದರು. ಗೋಡೆಯ ಮೇಲೆ ತಾರೀಖು ಬರೆದು, ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಸವರಿಕೊಂಡು ಹೋಗುವವರನ್ನು ನಿಮ್ಮ ಅಜ್ಜ, ಅಜ್ಜಿ ನೋಡಿರುತ್ತಾರೆ, ಕೇಳಿ. 1965ರ ಹೊತ್ತಿಗೆ ಅದು ಒಂದು ಲಕ್ಷಕ್ಕೆ ಇಳಿಯಿತು. ಗೆದ್ದೆವು ಎಂದು ಕೈ ಸಡಿಲ ಬಿಟ್ಟರು, ಸೊಳ್ಳೆಗಳು ಡಿ.ಡಿ.ಟಿ.ಗೆ ಜಗ್ಗದಾದವು, 1976ರಲ್ಲಿ 64 ಲಕ್ಷ! ನಾನು ಡ್ರಮ್ಮಿನ ನೀರು ಚೆಲ್ಲಿ ಗೋಡೆ ಉಜ್ಜದೆ ಬಿಟ್ಟದ್ದು ನೆನಪಾಗುತ್ತದೆ. ಮತ್ತೆ ದಶಕಗಳ ಕೆಲಸ ನಡೆದು, 2023ರಲ್ಲಿ ದೇಶದಲ್ಲಿ ದಾಖಲಾದದ್ದು ಸುಮಾರು 2.27 ಲಕ್ಷ.

ನಮ್ಮ ಹಾಸನ ಜಿಲ್ಲೆಯಲ್ಲೂ ಕೋಲಾರದಲ್ಲೂ ಮಲೇರಿಯಾ ಸಂಶೋಧಕರು ಹಳ್ಳಿಗಳ ಬಾವಿ, ಕುಂಟೆಗಳಿಗೆ ಗಪ್ಪಿ, ಗ್ಯಾಂಬೂಸಿಯ ಎಂಬ ಲಾರ್ವ ತಿನ್ನುವ ಪುಟ್ಟ ಮೀನುಗಳನ್ನು ಬಿಟ್ಟು ಒಳ್ಳೆಯ ಫಲ ಕಂಡರು. ಗ್ಯಾಂಬೂಸಿಯ 1928ರಲ್ಲಿ ಇಟಲಿಯಿಂದ ಭಾರತಕ್ಕೆ ಬಂದ ಮೀನು. ಆದರೆ ಒಂದು ಎಚ್ಚರ: ಅದು ಊರ ಮೀನಿನ ಮೊಟ್ಟೆ, ಮರಿಗಳನ್ನೂ ತಿನ್ನುತ್ತದೆ. ನೀವಾಗಿ ಕೆರೆಗೋ ಹೊಳೆಗೋ ಬಿಡಲು ಹೋಗಬೇಡಿ.

ಅಮ್ಮನ ಜ್ವರ ನಾಲ್ಕು ದಿನಕ್ಕೆ ಇಳಿಯಿತು. ಚಿಕುನ್‌ಗುನ್ಯಕ್ಕೆಂದೇ ಔಷಧ ಇಲ್ಲ. ಜ್ವರದ ಮಾತ್ರೆ, ನೀರು, ವಿಶ್ರಾಂತಿ, ಅಷ್ಟೇ. ಆದರೆ ಗಂಟು ನೋವು ವರ್ಷ ಕಳೆದರೂ ಹೋಗಲಿಲ್ಲ. ಬಲಗೈ ಬೆರಳು ಪೂರ್ತಿ ಮಡಿಸಲು ಆಗುತ್ತಿರಲಿಲ್ಲ. ಹೂ ಕಟ್ಟುವುದನ್ನು ಅವರು ಬಿಟ್ಟರು. ಶುಕ್ರವಾರದ ಮಲ್ಲಿಗೆಯನ್ನು ಪಕ್ಕದ ಮನೆಯ ಹುಡುಗಿ ಕಟ್ಟಿಕೊಡುತ್ತಿದ್ದಳು.

ಆ ವರ್ಷ ಶಾಲೆ ಶುರುವಾದಾಗ ನಾನು ಹಲಗೆಯ ಮೇಲೆ ವೃತ್ತ ಬರೆಯಲಿಲ್ಲ. "ನಿಮ್ಮ ಮನೆಯ ಸುತ್ತ ಹುಡುಕಿ, ಲಾರ್ವ ಸಿಕ್ಕರೆ ಬಾಟಲಿಯಲ್ಲಿ ತನ್ನಿ" ಎಂದೆ. ನೀವೂ ಮಾಡಬಹುದು. ಬಾಟಲಿಯ ಬಾಯಿಗೆ ತೆಳು ಬಟ್ಟೆ ಬಿಗಿಯಾಗಿ ಕಟ್ಟಿರಬೇಕು, ಹುಟ್ಟಿದ ಸೊಳ್ಳೆ ತಪ್ಪಿಸಿಕೊಳ್ಳಬಾರದು. ಲಾರ್ವ ನೀರಿನ ಮೇಲ್ಮೈಗೆ ಸಮನಾಗಿ ಮಲಗಿದ್ದರೆ ಅನಾಫಿಲಿಸ್. ತಲೆಕೆಳಗಾಗಿ ತೂಗಿದ್ದರೆ ಈಡಿಸ್ ಅಥವಾ ಕ್ಯೂಲೆಕ್ಸ್. ನೋಡಿ ಮುಗಿದ ಮೇಲೆ ಬಿಸಿಲಲ್ಲಿ ಒಣ ಮಣ್ಣಿನ ಮೇಲೆ ಚೆಲ್ಲಿ, ಬಾಟಲಿಯ ಒಳಗನ್ನು ಚೆನ್ನಾಗಿ ಉಜ್ಜಿ.

ಮರುದಿನ ಹದಿನೆಂಟು ಬಾಟಲಿ ಬಂದವು. ಮೊದಲ ಬೆಂಚಿನ ಹುಡುಗಿಯೊಬ್ಬಳ ಬಾಟಲಿಯಲ್ಲಿ ಅಷ್ಟೊಂದು ಲಾರ್ವ! ಎಲ್ಲಿ ಸಿಕ್ಕಿತಮ್ಮ ಎಂದೆ. ಅವಳು ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತು, "ಸಾರ್, ನಿಮ್ಮ ರೂಮಿನ ಹಿಂದೆ ತೆಂಗಿನ ಚಿಪ್ಪು ಬಿದ್ದಿದ್ವಲ್ಲ, ಅದರಲ್ಲಿ" ಅಂದಳು.